ಸ್ಕ್ವಿಡ್ಡಿನ ನರ ಮತ್ತು ನಾಲ್ಕು ಸಮೀಕರಣಗಳು

ಮಿದುಳನ್ನು ಗಣಿತದಿಂದ ಅರಿಯುವ ಮಾತು ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಸ್ಕ್ವಿಡ್ ಎಂಬ ಕಡಲಜೀವಿಯ, ಸುಮಾರು ಅರ್ಧ ಮಿಲಿಮೀಟರ್ ದಪ್ಪದ ನರತಂತು. ಅದರ ಪೊರೆಯ ಮೂಲಕ ಸೋಡಿಯಂ ಅಯಾನುಗಳು (ವಿದ್ಯುದಾವೇಶ ಹೊತ್ತ ಪರಮಾಣುಗಳು) ಒಳನುಗ್ಗಿ, ಪೊಟ್ಯಾಸಿಯಂ ಅಯಾನುಗಳು ತುಸು ತಡವಾಗಿ ಹೊರಹರಿಯುವುದರಿಂದ ನರಸಂಕೇತ ಹುಟ್ಟುವ ಬಗೆಯನ್ನು ಬ್ರಿಟಿಷ್ ವಿಜ್ಞಾನಿಗಳಾದ ಅಲನ್ ಹಾಡ್ಜ್‌ಕಿನ್ ಮತ್ತು ಆಂಡ್ರ್ಯೂ ಹಕ್ಸ್‌ಲಿ 1952ರಲ್ಲಿ ನಾಲ್ಕು ಅವಕಲ ಸಮೀಕರಣಗಳಲ್ಲಿ, ಎಂದರೆ ಬದಲಾವಣೆಯ ದರವನ್ನು ಹೇಳುವ ಸಮೀಕರಣಗಳಲ್ಲಿ, ಹಿಡಿದಿಟ್ಟರು. ಕೇಂಬ್ರಿಡ್ಜಿನ ಕಂಪ್ಯೂಟರ್ ಆಗ ಬಳಕೆಗೆ ಸಿಗದ ಕಾರಣ ಹಕ್ಸ್‌ಲಿ ಕೈಯಿಂದ ತಿರುಗಿಸುವ ಲೆಕ್ಕಯಂತ್ರದಲ್ಲೇ ಅವನ್ನು ಹಂತಹಂತವಾಗಿ ಬಿಡಿಸಿದರು. ಆ ತಾಳ್ಮೆ ನನಗೆ ಅವರ 1963ರ ನೊಬೆಲ್‌ಗಿಂತಲೂ ದೊಡ್ಡದಾಗಿ ಕಾಣುತ್ತದೆ. ಲೆಕ್ಕ ಹೇಳಿದ ಸಂಕೇತದ ವೇಗ ಸೆಕೆಂಡಿಗೆ 18.8 ಮೀಟರ್, ಅಳತೆಯಲ್ಲಿ ಸಿಕ್ಕದ್ದು 21.2. ಪೊರೆಯಲ್ಲಿರುವ ಅಯಾನು ದ್ವಾರಗಳನ್ನು ಯಾರೂ ಕಂಡಿರದ ಆ ಕಾಲದಲ್ಲಿ, ಅವು ತೆರೆದು ಮುಚ್ಚಿಕೊಳ್ಳುವ ರೀತಿಯನ್ನು ಈ ಸಮೀಕರಣಗಳ ಚರಾಂಶಗಳೇ ಸೂಚಿಸಿದ್ದವು.