ಇರ್ಪಿನ ನೀರಿಗಿಳಿಯುವ ಮುನ್ನ

ಕೊಡಗಿಗೆ ಬಂದವರಲ್ಲಿ ಹೆಚ್ಚಿನವರು ಮಡಿಕೇರಿಯ ಅಬ್ಬಿ ಜಲಪಾತ ನೋಡಿ ತೃಪ್ತರಾಗುತ್ತಾರೆ. ಕಾಫಿ ತೋಟದ ನಡುವೆ ಮೆಟ್ಟಿಲು ಇಳಿದು, ಎದುರಿನಿಂದ ಒಂದು ಫೋಟೊ ತೆಗೆದರೆ ಮುಗಿಯಿತು. ಸೋಮವಾರಪೇಟೆ ಕಡೆಯ ಮಲ್ಲಳ್ಳಿ ನೋಟಕ್ಕೆ ಅಬ್ಬಿಗಿಂತ ಎಷ್ಟೋ ಪಾಲು ಮೇಲು, ಆದರೆ ಇಳಿದ ಮೆಟ್ಟಿಲನ್ನೆಲ್ಲ ಮತ್ತೆ ಹತ್ತಬೇಕು, ಕೆಳಗಿನ ಕುಮಾರಧಾರೆಗೆ ಇಳಿಯುವುದಂತೂ ಬೇಡ. ಚೇಲಾವರ ಜಲಪಾತದ ಗುಂಡಿ ಜೀವಗಳನ್ನೇ ತೆಗೆದುಕೊಂಡಿದೆ. ಮೈ ನೆನೆಯಲೇಬೇಕು ಅನ್ನುವವರು ಜಿಲ್ಲೆಯ ದಕ್ಷಿಣದ ತುದಿಗೆ, ಇರ್ಪು ಜಲಪಾತಕ್ಕೆ ಹೋಗಬೇಕು.

ವಿರಾಜಪೇಟೆಯಿಂದ ಸುಮಾರು 48 ಕಿ.ಮೀ. ಗೋಣಿಕೊಪ್ಪ, ಪೊನ್ನಂಪೇಟೆ, ಶ್ರೀಮಂಗಲ ದಾಟಿ ಕುಟ್ಟದ ದಾರಿ. ಮೈಸೂರಿನವರು ಹುಣಸೂರಿನಿಂದ ನಾಗರಹೊಳೆ ಕಾಡಿನೊಳಗೇ ಬರಬಹುದು. ಆದರೆ ಸಂಜೆ 6ಕ್ಕೆ ಆ ರಸ್ತೆಯ ಗೇಟು ಬಿದ್ದರೆ ಬೆಳಿಗ್ಗೆ 6ರವರೆಗೆ ಏಳುವುದಿಲ್ಲ. ವಾಪಸಿನ ಲೆಕ್ಕ ಹಾಕದವರು ಗೋಣಿಕೊಪ್ಪ ಸುತ್ತಿಕೊಂಡೇ ಹೋಗಬೇಕು.

ವಾಹನ ನಿಲ್ಲುವುದು ರಾಮೇಶ್ವರ ದೇವಸ್ಥಾನದ ಹತ್ತಿರ. ಅರಣ್ಯ ಇಲಾಖೆಯ ಟಿಕೆಟ್ ಪಡೆದು ಒಳಗೆ ಹೊರಟರೆ ಕಲ್ಲು ಹಾಸಿದ ದಾರಿ, ಮೆಟ್ಟಿಲು, ಹೊಳೆ ದಾಟಲು ಸೇತುವೆ. ನಿಧಾನಕ್ಕೆ ನಡೆದರೂ ಅರ್ಧ ಗಂಟೆ ಹಿಡಿಯದು, ಅಜ್ಜಿಯರೂ ಹತ್ತುತ್ತಾರೆ. 1,608 ಮೀಟರಿನ ಬ್ರಹ್ಮಗಿರಿ ಶಿಖರದ ಚಾರಣವೂ ಇಲ್ಲಿಂದಲೇ ಶುರು. ಅದಕ್ಕೆ ಬೇರೆ ಅನುಮತಿ ಬೇಕು.

ಬೆರಗಾಗುವುದು ನೀರು ಕಂಡಾಗ. ಹುಣಸೂರಿನ ಸೇತುವೆಯ ಕೆಳಗೆ ಮಬ್ಬಾಗಿ ಹರಿದು, ಮುಂದೆ ಕೃಷ್ಣರಾಜಸಾಗರದ ಹಿನ್ನೀರು ಸೇರುವ ಲಕ್ಷ್ಮಣತೀರ್ಥ ಇದೇ. ಇಲ್ಲಿ ಸುಮಾರು 170 ಅಡಿಯಿಂದ ಬಂಡೆ ಬಂಡೆಗೆ ಬಡಿದು ಇಳಿಯುತ್ತದೆ. ತಳದ ಹರಳು ಎಣಿಸುವಷ್ಟು ತಿಳಿ. ಲಕ್ಷ್ಮಣ ಬಾಣ ಬಿಟ್ಟು ಬರಿಸಿದ ನೀರು ಎಂಬ ನಂಬಿಕೆಯಿಂದ ಶಿವರಾತ್ರಿಗೆ ಸ್ನಾನಕ್ಕೆ ಜನ ಮುಗಿಬೀಳುತ್ತಾರೆ. ಗದ್ದಲ ಬೇಡದವರು ಅಕ್ಟೋಬರ್ ಕೊನೆಯಿಂದ ಜನವರಿಯೊಳಗೆ, ವಾರದ ನಡುವೆ, ಬೆಳಿಗ್ಗೆಯೇ ಹೋಗುವುದು ಲೇಸು.

"ಈಜಬಹುದಾ?" ಎಂದು ಬಂದವರೆಲ್ಲ ಕಾವಲಿನವರನ್ನು ಕೇಳುತ್ತಾರೆ.

"ಮೀಯಿರಿ. ಈಜೋಕೆ ಎಲ್ಲಿದೆ ಜಾಗ?"

"ಮೇಲಿನ ಬಂಡೆ ಹತ್ತಬಹುದಾ?"

"ಹತ್ತೋದು ಸುಲಭ. ಇಳಿಸೋದು ನಾವು."

ಉತ್ತರ ಅಷ್ಟೇ, ಅದು ಸಾಕು. ಬುಡದಲ್ಲಿರುವುದು ಕೊಳವಲ್ಲ, ಬಂಡೆಗಳ ಸಂದಿಯಲ್ಲಿ ನಿಂತ ನೀರು. ಡೈವ್ ಹೊಡೆದರೆ ತಲೆಗೆ ಸಿಗುವುದು ಕಲ್ಲು. ಅಪಾಯ ಆಳದ್ದಲ್ಲ, ಪಾಚಿಯದ್ದು. ಒಣಗಿ ಬಿಳಚಿದ ಕಲ್ಲು ಕಾಲು ಹಿಡಿಯುತ್ತದೆ, ಕಪ್ಪಗೆ ಮಿರುಗುವುದು ಜಾರಿಸುತ್ತದೆ. ಹವಾಯಿ ಚಪ್ಪಲಿ ಎಲ್ಲಕ್ಕಿಂತ ಕೆಟ್ಟದ್ದು. ಬರಿಗಾಲಿಗೆ ದಪ್ಪ ಹತ್ತಿಯ ಕಾಲುಚೀಲ ಹಾಕಿದರೆ ಪಾಚಿಯ ಮೇಲೂ ಹಿಡಿತ ಸಿಗುತ್ತದೆ. ನಿಂತು ದಾಟುವ ಬದಲು ಕೂತು ಜರುಗಿ. ಧಾರೆಯ ನಟ್ಟನಡುವೆ ತಲೆ ಒಡ್ಡಬೇಡಿ, ನೀರಿನೊಡನೆ ಕಲ್ಲು, ಕೊಂಬೆ ಬರುವುದುಂಟು. ಅಂಚಿನಲ್ಲಿ ಬೆನ್ನು ಕೊಟ್ಟು ನಿಂತರೂ ಚಳಿಗೆ ಹಲ್ಲು ಕಟಕಟಿಸುತ್ತದೆ. ಜೀನ್ಸ್ ನೆನೆದರೆ ಹೆಜ್ಜೆ ಎತ್ತಲಾಗದಷ್ಟು ಭಾರ. ಚಡ್ಡಿ, ಟವೆಲು, ಒಣಬಟ್ಟೆ ಪ್ರತ್ಯೇಕ ಚೀಲದಲ್ಲಿರಲಿ. ಸೋಪು, ಶಾಂಪೂ ಮನೆಯಲ್ಲೇ ಇರಲಿ. ಆ ತಿಳಿನೀರಲ್ಲಿ ನೊರೆ ಎಬ್ಬಿಸಿ, ಖಾಲಿ ಪೊಟ್ಟಣ ಬಂಡೆ ಸಂದಿಗೆ ತುರುಕುವವರನ್ನು ಏನೆನ್ನಬೇಕೋ!

ಬುಡದಲ್ಲಿ ಬಿಸಿಲಿದ್ದರೂ ಬ್ರಹ್ಮಗಿರಿಯ ನೆತ್ತಿಯಲ್ಲಿ ಮಳೆ ಹೊಡೆಯುತ್ತಿರಬಹುದು. ನೀರಿನ ಬಣ್ಣ ಕದಡಿತು, ಎಲೆ ಕಡ್ಡಿ ತೇಲಿ ಬಂತು, ಸದ್ದು ದಪ್ಪವಾಯಿತು ಅಂದರೆ ಬಟ್ಟೆಬರೆ ಬಿಟ್ಟು ಮೊದಲು ದಡ ಹತ್ತಬೇಕು. ಮುಂಗಾರಿನಲ್ಲಿ ನೀರಿಗಿಳಿಯುವ ಯೋಚನೆಯೇ ಬೇಡ, ಸೇತುವೆಯಿಂದ ನೋಡಿದರೆ ಸಾಕು.

ಮಳೆಗಾಲ ಮುಗಿದ ಮೇಲೂ ಕೆಲವು ವಾರ ರಕ್ತ ಹೀರುವ ಇಂಬಳ (ಕಾಡಿನ ಜಿಗಣೆ) ಇರುತ್ತವೆ. ನಡೆಯುವವರಿಗಿಂತ ನಿಂತು ಹರಟುವವರ ಕಾಲಿಗೇ ಹೆಚ್ಚು ಹತ್ತುತ್ತವೆ. ಹೊಗೆಸೊಪ್ಪು ನೆನೆಸಿದ ನೀರನ್ನು ಕಾಲುಚೀಲಕ್ಕೆ ಸವರುವುದು ಹಳೆಯ ಉಪಾಯ. ಕಚ್ಚಿದ್ದನ್ನು ಎಳೆದು ಕೀಳಬಾರದು. ಸಪೂರ ತುದಿಯ ಬಾಯಿಯ ಅಡಿಗೆ ಉಗುರು ತೂರಿಸಿ ಪಕ್ಕಕ್ಕೆ ಜರುಗಿಸಿದರೆ ಕಳಚಿಕೊಳ್ಳುತ್ತದೆ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಆದ್ದರಿಂದ ಗಾಯ ತುಸು ಹೊತ್ತು ಸೋರುತ್ತಲೇ ಇರುತ್ತದೆ. ತೊಳೆದು ಬಟ್ಟೆ ಒತ್ತಿ ಹಿಡಿದರಾಯಿತು. ಕಾರು ಹತ್ತುವ ಮೊದಲು ಶೂ ಬಿಚ್ಚಿ, ನಾಲಗೆಯ ಅಡಿಯನ್ನೂ ಲೇಸಿನ ತೂತುಗಳನ್ನೂ ನೋಡಿಕೊಳ್ಳಿ.