ಸ್ಟೇಷನ್‌ಗೆ ಹತ್ತೇ ನಿಮಿಷವಾ? ನನ್ನ ಲೆಕ್ಕದ ಡೈರಿ

ಡೊಂಬಿವಲಿ ಪೂರ್ವದಲ್ಲಿ ಈ ಮನೆ ತೋರಿಸುವಾಗ ಬ್ರೋಕರ್ ಹೇಳಿದ್ದು ಒಂದೇ ಮಾತು: ಸ್ಟೇಷನ್‌ಗೆ ನಡೆದರೆ ಹತ್ತೇ ನಿಮಿಷ. ಮುಂಬೈ ಕಡೆ ಯಾವ ಮನೆಯಿಂದಲೂ ಸ್ಟೇಷನ್ ಹತ್ತೇ ನಿಮಿಷ, ಅಲ್ವಾ? ಈಗೀಗ ಸ್ಟ್ಯಾಟಿಸ್ಟಿಕ್ಸ್ ಕಲಿಯುವ ಹುಚ್ಚು ಹಿಡಿದಿದೆ. ಸರಿ, ಈ ಮಾತನ್ನೇ ಪರೀಕ್ಷೆಗೆ ಹಾಕಿದೆ.

ತಯಾರಿ

ನಲ್ ಹೈಪಾಥಿಸಿಸ್, ಅಂದರೆ ಸದ್ಯಕ್ಕೆ ನಿಜ ಅಂತ ಒಪ್ಪಿಕೊಂಡು ಹೊರಡುವ ಮಾತು: ಸರಾಸರಿ 10 ನಿಮಿಷ. ಎದುರು ಮಾತು: 10ಕ್ಕಿಂತ ಜಾಸ್ತಿ. ಬ್ರೋಕರ್ ಹೇಳಿದ್ದು ನಿಜವಾಗಿದ್ದೂ ನಾನು ಸುಳ್ಳು ಅನ್ನುವ ಅಪಾಯ ನೂರಕ್ಕೆ 5 ಇರಲಿ. ಇದೆಲ್ಲ ಅಳೆಯುವ ಮುಂಚೆಯೇ ನೋಟ್‌ಬುಕ್ಕಿಗೆ ಹೋಯಿತು. ಬಿಲ್ಡಿಂಗ್ ಗೇಟಿನಿಂದ ಸ್ಟೇಷನ್ ಮೆಟ್ಟಿಲ ತನಕ, ಮೊಬೈಲಿನ ಸ್ಟಾಪ್‌ವಾಚ್. ಕೆಲಸದ ದಿನ, ಬೆಳಗ್ಗೆ ಮಾತ್ರ. ಸಂಜೆ ತರಕಾರಿ ಚೀಲ ಹಿಡಿದು ಬರುವ ನಡಿಗೆಯ ಕಥೆಯೇ ಬೇರೆ.

ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಸಾಕು ಅಂತಾರೆ. ಪಾತ್ರೆಯ ಅನ್ನವೆಲ್ಲ ಒಂದೇ ಉರಿಯಲ್ಲಿ ಬೆಂದಿರುತ್ತೆ, ಅದಕ್ಕೆ ಸಾಕು. ನನ್ನ ಬೆಳಗುಗಳು ಹಾಗಿಲ್ಲ. ಒಂದು ದಿನ ರಿಕ್ಷಾಗಳ ಸಾಲು ಅಡ್ಡ, ಇನ್ನೊಂದು ದಿನ ರಸ್ತೆ ಖಾಲಿ.

ಮೊದಲ ಆರು ದಿನ

10.2, 11.5, 9.6, 10.8, 9.9, 12.2. ಸರಾಸರಿ 10.7. ಸ್ಟ್ಯಾಂಡರ್ಡ್ ಡೀವಿಯೇಷನ್, ಅಂದರೆ ಅಳತೆಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನೋ ಲೆಕ್ಕ, ಕರೆಕ್ಟಾಗಿ 1 ಬಂತು, ಸುಮ್ನೆ ಅದೃಷ್ಟ. ಅದನ್ನು 6ರ ವರ್ಗಮೂಲದಿಂದ ಭಾಗಿಸಿದರೆ 0.41; ಆರು ದಿನದ ಸರಾಸರಿಯೇ ಎಷ್ಟು ಅತ್ತಿತ್ತ ಆಗಬಹುದು ಅನ್ನೋ ಅಂದಾಜು ಇದು. 10ರಿಂದ ಇರುವ ದೂರ 0.7, ಅದನ್ನು 0.41ರಿಂದ ಭಾಗಿಸಿದರೆ ಸುಮಾರು 1.71. ಈ ಸಂಖ್ಯೆ ಒಂದು ಗೆರೆ ದಾಟಿದರೆ ನಲ್ ಹೈಪಾಥಿಸಿಸ್ ಕೈಬಿಡಬಹುದು; ನೂರಕ್ಕೆ 5ರ ಅಪಾಯಕ್ಕೆ ನನ್ನ ನೆನಪಲ್ಲಿದ್ದ ಗೆರೆ 1.645. ದಾಟಿತು! ಬ್ರೋಕರ್ ಸಿಕ್ಕಿಬಿದ್ದ ಅಂತ ಮನೆಯಲ್ಲಿ ಸಾರಿದೆ.

ರಾತ್ರಿ ಮಲಗಿದ ಮೇಲೆ ಹೊಳೆಯಿತು. 1.645 ಜೆಡ್ ಟೇಬಲಿನ ಸಂಖ್ಯೆ. ಡೀವಿಯೇಷನ್ ಎಷ್ಟು ಅಂತ ಮೊದಲೇ ಗೊತ್ತಿದ್ದರೆ ಅದು ನಡೆಯುತ್ತೆ. ನಾನೋ ಅದನ್ನೂ ಇದೇ ಆರು ದಿನದಿಂದ ಅಂದಾಜು ಮಾಡಿದ್ದೆ. ಕೈಯಲ್ಲಿ ಸ್ವಲ್ಪವೇ ಅಳತೆ ಇದ್ದಾಗ ಏನು ಮಾಡಬೇಕು ಅನ್ನೋ ಈ ತಲೆನೋವು, ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಂಪನಿಯಲ್ಲಿದ್ದ ವಿಲಿಯಂ ಗಾಸೆಟ್‌ಗೂ ಇತ್ತು. ಅವನು 1908ರಲ್ಲಿ 'ಸ್ಟೂಡೆಂಟ್' ಅನ್ನೋ ಹೆಸರಿನಲ್ಲಿ ಉತ್ತರ ಪ್ರಕಟಿಸಿದ. ಅದರಿಂದ ಬಂದ ಟಿ ಟೇಬಲಿನಲ್ಲಿ ಆರು ಅಳತೆಗೆ ಗೆರೆ 2.015. ನನ್ನ 1.71 ಅದರ ಹತ್ತಿರಕ್ಕೂ ಹೋಗಿಲ್ಲ.

"ಹಾಗಾದ್ರೆ ಬ್ರೋಕರ್ ಹೇಳಿದ್ದು ನಿಜ ಅಲ್ವೇನ್ರೀ?" ಅಂದಳು ಹೆಂಡತಿ. ಅದೂ ಅಲ್ಲ. ಸುಳ್ಳು ಅನ್ನೋಕೆ ಪುರಾವೆ ಸಾಲದು, ಅಷ್ಟೇ.

ಮಾಡಿದ ಕಳ್ಳಾಟ

ಮುಂದೆ ದಿನಾ ಒಂದು ಅಳತೆ ಸೇರಿಸಿ ದಿನಾ ಲೆಕ್ಕ ಹಾಕಿದೆ. ಒಂಬತ್ತನೇ ದಿನ ಗೆರೆ ದಾಟಿತು. ಆದರೆ ದಾಟುವ ತನಕ ನೋಡ್ತಾನೇ ಇದ್ದರೆ ನೂರಕ್ಕೆ 5ರ ಅಪಾಯ 5ರಲ್ಲಿ ನಿಲ್ಲುವುದಿಲ್ಲ, ಪ್ರತಿ ಇಣುಕಿಗೂ ಬೆಳೆಯುತ್ತೆ. ಆ ಪುಟಕ್ಕೆ ಅಡ್ಡಗೆರೆ ಹಾಕಿದೆ. ಹೊಸದಾಗಿ 16 ದಿನ, ಮಧ್ಯೆ ಇಣುಕುವಂತಿಲ್ಲ.

16 ದಿನದ ನಂತರ

ಸರಾಸರಿ 10.6, ಡೀವಿಯೇಷನ್ 1.2. 16ರ ವರ್ಗಮೂಲ 4, ಹಾಗಾಗಿ 0.3. 10ರಿಂದ ದೂರ 0.6, ಅದನ್ನು 0.3ರಿಂದ ಭಾಗಿಸಿದರೆ ಸಿಗುವ ಟಿ ಬೆಲೆ 2.0. ಟಿ ಟೇಬಲಿನಲ್ಲಿ 16 ಅಳತೆಗೆ ಗೆರೆ 1.753. ಈ ಸಲ ನಿಜಕ್ಕೂ ದಾಟಿತು. ಪಿ-ವ್ಯಾಲ್ಯೂ ಸುಮಾರು 0.03. 'ಬ್ರೋಕರ್ ಮಾತು ನಿಜವಾಗಿರುವ ಸಾಧ್ಯತೆ ನೂರಕ್ಕೆ 3' ಅಂತ ಬರೆದು ಹೊಡೆದುಹಾಕಿದೆ. ಅದರ ಅರ್ಥ ಹಾಗಲ್ಲ: ಸರಾಸರಿ ನಿಜಕ್ಕೂ 10 ಆಗಿದ್ದರೆ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಟಿ ಬರೋದು ನೂರಕ್ಕೆ ಸುಮಾರು 3 ಸಲ.

ಇಷ್ಟೆಲ್ಲ ಮಾಡಿ ಸಿಕ್ಕಿದ್ದು 36 ಸೆಕೆಂಡು. ಫಾಸ್ಟ್ ಲೋಕಲ್‌ಗೆ ಮೆಟ್ಟಿಲು ಹಾರಿ ಓಡಿದವರು ನಗೋದಿಲ್ಲ ಬಿಡಿ.

ಹೆಂಡತಿ ನೋಟ್‌ಬುಕ್ ಎಳೆದುಕೊಂಡಳು. "10ಕ್ಕಿಂತ ಕಡಿಮೆ ಇರಬಹುದು ಅಂತ ಯಾಕೆ ಅಂದುಕೊಳ್ಳಲಿಲ್ಲ?" ಒಳ್ಳೇ ಏಟು. ಎರಡೂ ಕಡೆ ನೋಡುವ ಪರೀಕ್ಷೆಯಾಗಿದ್ದರೆ ಗೆರೆ 2.131, ನನ್ನ 2.0 ಹೊರಗೇ ಉಳಿಯುತ್ತಿತ್ತು. ಒಂದೇ ಕಡೆ ಅಂತ ಮೊದಲೇ ಬರೆದಿದ್ದೆ ಅಂತ ಪುಟ ತಿರುಗಿಸಿ ತೋರಿಸಿದೆ. ಅವಳಿಗೆ ಸಮಾಧಾನವಾಗಲಿಲ್ಲ.

ಮಳೆಗಾಲದ ಸುತ್ತು ಅವಳದಂತೆ. 20 ದಿನ, ಎರಡೂ ಕಡೆ ಅಂತ ಈಗಲೇ ನನ್ನ ಕೈಯಲ್ಲಿ ಬರೆಸಿಕೊಂಡಿದ್ದಾಳೆ. ಸ್ಟಾಪ್‌ವಾಚ್ ಅವಳ ಕೈಗೆ, ಛತ್ರಿ ನನ್ನ ಕೈಗೆ.