ಹದಿಮೂರು ಸೆಕೆಂಡಿನ ಭಯ

ನಾಳೆ ಅಮೆರಿಕನ್ ಫುಟ್‌ಬಾಲ್ ಪ್ಲೇಆಫ್, ಸೋತವರು ಮನೆಗೆ. ನಮ್ಮ ಟೀಮಿನ ಆಫೆನ್ಸ್, ಅಂದರೆ ದಾಳಿ ಮಾಡುವವರ ಬಗ್ಗೆ ನನಗೆ ಚಿಂತೆಯಿಲ್ಲ, ಹೇಗೋ ಪಾಯಿಂಟ್ ತರುತ್ತಾರೆ. ನಿದ್ದೆ ಕೆಡಿಸಿರುವುದು ಎದುರಾಳಿಯನ್ನು ತಡೆಯಬೇಕಾದ ಡಿಫೆನ್ಸ್. ಕಳೆದ ವಾರ ಮೂರನೇ ಡೌನ್ (ಚೆಂಡು ಮುಂದೊಯ್ಯಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು), ಎದುರಾಳಿಗೆ ಇನ್ನೂ 11 ಗಜ ಬೇಕು. ನಾನು ಆಗಲೇ ಕಾಫಿ ಮಾಡಲು ಎದ್ದಿದ್ದೆ. ತಿರುಗಿ ನೋಡಿದರೆ ನಮ್ಮ ಇಬ್ಬರು ಒಬ್ಬನ ಹಿಂದೆಯೇ ಓಡುತ್ತಿದ್ದಾರೆ, ಚೆಂಡು ಹಿಡಿದವನ ಹತ್ತಿರ ಯಾರೂ ಇಲ್ಲ!

ಸುಮ್ನೆ ಹೆದರುತ್ತೀಯ ಅಂತಾರೆ ಗೆಳೆಯರು. ಹೆದರದೆ ಇನ್ನೇನು? 2022ರ ಜನವರಿ ನೆನಪಿದೆಯಲ್ವಾ. ಆ ಸೀಸನ್‌ನಲ್ಲಿ ಅತಿ ಕಡಿಮೆ ಪಾಯಿಂಟ್ ಬಿಟ್ಟುಕೊಟ್ಟ ಡಿಫೆನ್ಸ್ ಬಫಲೋ ಬಿಲ್ಸ್‌ನದು. ಕಾನ್ಸಾಸ್ ಸಿಟಿ ಚೀಫ್ಸ್ ಎದುರು 3 ಪಾಯಿಂಟ್ ಮುಂದಿದ್ದರು, ಉಳಿದದ್ದು ಬರೀ 13 ಸೆಕೆಂಡ್. ಚೀಫ್ಸ್‌ನವರ ಎರಡೇ ಪಾಸ್, 44 ಗಜ. ಆಮೇಲೆ ಒಂದು ಕಿಕ್, ಸ್ಕೋರ್ ಸಮ. ಓವರ್‌ಟೈಮ್‌ನಲ್ಲಿ ಬಿಲ್ಸ್ ಆಫೆನ್ಸ್‌ಗೆ ಚೆಂಡು ಮುಟ್ಟುವ ಅವಕಾಶವೂ ಸಿಗಲಿಲ್ಲ. 42-36, ಮನೆಗೆ ವಾಪಸ್. ಆಮೇಲೆ ಪ್ಲೇಆಫ್ ಓವರ್‌ಟೈಮ್‌ನಲ್ಲಿ ಎರಡೂ ಟೀಮಿಗೆ ಚೆಂಡು ಸಿಗುವ ಹಾಗೆ ರೂಲ್ ಬದಲಾಯಿಸಿದರು. ಬಿಲ್ಸ್ ಅಭಿಮಾನಿಗೆ ಅದರಿಂದ ಏನು ಬಂತು?

ನಂಬರ್ ಒನ್ ಡಿಫೆನ್ಸಿನ ಗತಿಯೇ ಹಾಗಾದರೆ ನಮ್ಮದು ಯಾವ ಲೆಕ್ಕ. ವಿಚಿತ್ರ ಅಂದರೆ, ಟೀಮ್ ಕೆಟ್ಟದಾಗಿ ಆಡುವ ವರ್ಷ ನಾನು ಆರಾಮಾಗಿ ನಿದ್ದೆ ಮಾಡುತ್ತೇನೆ. ಗೆಲ್ಲುವ ಆಸೆ ಹುಟ್ಟಿದ ಮೇಲೇ ಈ ಹೊಟ್ಟೆ ತೊಳೆಸುವುದು.

ನಾಳೆ ಮೂರನೇ ಡೌನ್‌ನಲ್ಲಿ ಮಾತ್ರ ಕುರ್ಚಿ ಬಿಟ್ಟು ಏಳುವುದಿಲ್ಲ. ಕಾಫಿ ಮೊದಲೇ ಮಾಡಿಟ್ಟುಕೊಳ್ಳುತ್ತೇನೆ.